ನಾಲಿಗೆಯ ಮೇಲೆ ತಾಮ್ರ

ಕೂನೂರು
6 ಜೂನ್ 2013

ಅಕ್ಕ,

ಫೋನಿನಲ್ಲಿ ನಾನು "ಚೆನ್ನಾಗಿದ್ದೇನೆ" ಎನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ, ಇನ್ನು ಮೇಲೆ ಕಾಗದ ಬರೆ ಎಂದೆಯಲ್ಲ, ಬರೆಯುತ್ತಿದ್ದೇನೆ. ಡಾಕ್ಟರ್ ಪ್ರಭಾವತಿಯವರೂ ಸಂಜೆ ಏಳರ ಮೇಲೆ ಫೋನ್ ಮುಟ್ಟಬಾರದು ಎಂದಿದ್ದಾರೆ. ಹಾಗಾಗಿ ಇದು ನಿಮ್ಮಿಬ್ಬರ ಆಜ್ಞೆ. ನನ್ನ ತಮಿಳು ನೋಡಿ ನಗಬೇಡ. ನೀನು ಮೂವತ್ತು ವರ್ಷ ಹುಡುಗಿಯರಿಗೆ ತಮಿಳು ಕಲಿಸಿದವಳು. ನನ್ನನ್ನು ಅಪ್ಪ ಕಾನ್ವೆಂಟಿಗೆ ಹಾಕಿದ್ದು ನನ್ನ ತಪ್ಪಲ್ಲ.

ನಾಲ್ಕನೆಯ ಔಷಧ ಶುರುವಾಗಿ ಐದು ವಾರವಾಯಿತು. ಮೊದಲ ಮೂರನ್ನು ಹದಿನಾಲ್ಕು ತಿಂಗಳು ಒಂದು ದಿನವೂ ಬಿಡದೆ ನುಂಗಿದ್ದೇನೆ. ಮೊದಲನೆಯದರಿಂದ ಕೈ ನಡುಗಿತು. ಎರಡನೆಯದರಿಂದ ಆರು ಕಿಲೋ ತೂಕ ಏರಿತು. ಮೂರನೆಯದರಿಂದ ಏನೂ ಆಗಲಿಲ್ಲ, ನನಗೆ ಹೆಚ್ಚು ಸಿಟ್ಟು ಬಂದದ್ದು ಅದರ ಮೇಲೆಯೇ. ಕಳೆದ ಸಲ ಕೊಯಮತ್ತೂರಿಗೆ ಹೋದಾಗ ಡಾಕ್ಟರು ಫೈಲಿನಲ್ಲಿ ಬರೆದದ್ದನ್ನು ಎದುರು ಕುರ್ಚಿಯಿಂದ ತಲೆಕೆಳಗಾಗಿ ಓದಿದೆ. ಔಷಧಕ್ಕೆ ಬಗ್ಗದ ಖಿನ್ನತೆ ಎಂದಿತ್ತು. ನಾನು ಯಾವುದಕ್ಕೆ ಬಗ್ಗಲಿಲ್ಲ ಹೇಳು? ನಡೆ ಎಂದರೆ ನಡೆದೆ, ಬರೆ ಎಂದರೆ ಬರೆದೆ, ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದರೆ ಕೊಟ್ಟೆ. ಬಸ್ಸಿನಲ್ಲಿ ಘಟ್ಟ ಹತ್ತಿ ಬರುವಷ್ಟು ಹೊತ್ತೂ, ಪರೀಕ್ಷೆಗೆ ಓದಿಕೊಂಡು ಹೋಗಿಯೂ ನಪಾಸಾದವಳ ಹಾಗೆ ಕುಳಿತಿದ್ದೆ.

ಈ ಸಲ ಎರಡು ಮಾತ್ರೆ. ಒಂದು ಮನಸ್ಸಿಗೆ, ಒಂದು ನಿದ್ದೆಗೆ. ನಿದ್ದೆ ಬಂತು ಅಕ್ಕ. ಅದನ್ನು ನಿದ್ದೆ ಎನ್ನಬಹುದೋ ಇಲ್ಲವೋ ಗೊತ್ತಿಲ್ಲ. ಯಾರೋ ಮನೆಯ ಫ್ಯೂಸ್ ಕಿತ್ತ ಹಾಗೆ ಹೋಗುತ್ತೇನೆ, ಬೆಳಿಗ್ಗೆ ಆರಕ್ಕೆ ಯಾರೋ ಅದನ್ನು ಹಾಕಿದ ಹಾಗೆ ಬರುತ್ತೇನೆ. ನಡುವೆ ಕನಸು ಕೂಡ ಇಲ್ಲ. ಆದರೂ ಆರು ಗಂಟೆ! ಎರಡು ವರ್ಷದ ಮೇಲೆ.

ತೊಂದರೆ ಒಂದೇ. ಬೆಳಿಗ್ಗೆ ಎದ್ದರೆ, ಬಾಯಲ್ಲಿ ತಾಮ್ರದ ತುಂಡು ಇಟ್ಟುಕೊಂಡು ಮಲಗಿದ್ದೆನೇನೋ ಅನ್ನುವಂಥ ಕಹಿ. ಮಧ್ಯಾಹ್ನದ ಊಟದವರೆಗೂ ಹೋಗುವುದಿಲ್ಲ. ಡಾಕ್ಟರಿಗೆ ಹೇಳಿದೆ.

"ಅದು ಸುಮಾರು ಜನಕ್ಕೆ ಆಗುತ್ತೆ, ದೊಡ್ಡ ವಿಷಯ ಏನಲ್ಲ. ಬಾಯಿಗೊಂದು ಏಲಕ್ಕಿ ಹಾಕ್ಕೊಳ್ಳಿ" ಎಂದರು.

"ನಾನು ಚಹಾ ರುಚಿ ನೋಡೋ ಕೆಲಸದವಳು ಮೇಡಂ."

"ಓ, ಹೌದಾ! ಹಾಗಾದ್ರೆ ನಮ್ಮನೆಗೆ ಯಾವ ಟೀ ಪುಡಿ ತರಿಸ್ಲಿ, ಹೇಳಿ ಮತ್ತೆ" ಎಂದು ನಕ್ಕರು.

ನಮ್ಮ ದಲ್ಲಾಳಿ ಕಂಪನಿಯಲ್ಲಿ ಸೋಮವಾರ ಮತ್ತು ಮಂಗಳವಾರ ರುಚಿಯ ದಿನಗಳು ಎಂದು ನಿನಗೆ ಗೊತ್ತು. ಬೆಳಿಗ್ಗೆ ಎಂಟರಿಂದ ಕಿಟಕಿಯ ಬೆಳಕಿನಲ್ಲಿ ಇನ್ನೂರು ಬಟ್ಟಲು. ಒಂದು ಚಮಚ ಜೋರಾಗಿ ಹೀರಬೇಕು, ನಾಲಿಗೆಯ ಮೇಲೆ ತಿರುಗಿಸಬೇಕು, ಉಗುಳಬೇಕು, ಒಂದು ಮಾತು ಹೇಳಬೇಕು. ಆ ಮಾತಿನ ಮೇಲೆ ಗುರುವಾರದ ಹರಾಜಿನಲ್ಲಿ ಒಂದು ಫ್ಯಾಕ್ಟರಿಯ ಮರ್ಯಾದೆ ನಿಲ್ಲುತ್ತದೆ. ಹದಿನೇಳು ವರ್ಷದಿಂದ ನನಗೆ ಗೊತ್ತಿರುವ ಕೆಲಸ ಇದೊಂದೇ. ನಾನು ಹೇಳಿದ್ದನ್ನು ಪಕ್ಕದಲ್ಲಿ ನಿಂತು ಬರೆದುಕೊಳ್ಳುವ ನೇಸಮಣಿ ಮೊನ್ನೆ, "ಏನ್ ಮೇಡಂ, ಎಲ್ಲಾ ಬಟ್ಟಲಿಗೂ ಒಂದೇ ಮುಖ ಮಾಡ್ತಿದೀರಿ? ಬೇವಿನಕಾಯಿ ತಿಂದ್ಕೊಂಡ್ ಬಂದ್ರಾ?" ಎಂದ. ನಕ್ಕುಬಿಟ್ಟೆ.

ಅಭ್ಯಾಸವಾಗಬಹುದು. ಅತ್ತಾನ್ ಭಾವನವರ ಮೊಣಕಾಲು ನೋವು ಹೇಗಿದೆ?

ಕಯಲ್ವಿಳಿ


ತೂತ್ತುಕುಡಿ
13 ಜೂನ್ 2013

ಕಯಲು,

ನಿನ್ನ ಕಾಗದ ಎರಡು ಸಲ ಓದಿದೆ. ಒಂಬತ್ತು ತಪ್ಪುಗಳಿವೆ. ಕೆಂಪು ಪೆನ್ನು ಮುಟ್ಟದೆ ಬಿಟ್ಟಿದ್ದೇನೆ.

ಆ ನಿದ್ದೆಮಾತ್ರೆಯನ್ನು ಮೊದಲು ನಿಲ್ಲಿಸು. ಫ್ಯೂಸ್ ಕಿತ್ತ ಹಾಗೆ ಎಂದು ನೀನೇ ಬರೆದಿದ್ದೀಯ, ಅದೆಂಥ ನಿದ್ದೆ? ಮಾತ್ರೆ ನುಂಗಿ ಮಲಗಿ ಮಲಗಿ ಆಯುಸ್ಸು ಕಳೆದವರನ್ನು ನಾನು ನೋಡಿದ್ದೇನೆ. ಗಸಗಸೆ ಅರೆದು ಹಾಲಿಗೆ ಹಾಕಿ ಕುಡಿ. ಜಾಯಿಕಾಯಿ ತೇಯ್ದು ಚಿಟಿಕೆಯಷ್ಟು ಸೇರಿಸು, ಹೆಚ್ಚು ಬೇಡ. ಶುಕ್ರವಾರ ತಲೆಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊ. ನಿನ್ನ ಊರಿನ ಚಳಿಯ ನೆವ ಹೇಳಬೇಡ, ನಾನೂ ಅಲ್ಲಿಯೇ ಬೆಳೆದವಳು.

ಎದುರುಮನೆಯ ಷಣ್ಮುಗತ್ತಾಯಿ ಏನೆಂದಳು ಗೊತ್ತೇ? "ನಿಮ್ ತಂಗಿಗೆ ಗಂಡ ಇಲ್ಲ, ಮಕ್ಳಿಲ್ಲ, ಯೋಚ್ನೆ ಮಾಡಕ್ಕೆ ಏನೈತೆ ಅಂತ ನಿದ್ದೆ ಬರಲ್ಲ ಟೀಚರಮ್ಮಾ?" ಎಂದಳು. "ನಿನಗೆ ಗಂಡ, ನಾಲ್ಕು ಮಕ್ಕಳು, ಮೇಲೆ ಒಬ್ಬ ಅಳಿಯ. ನಿನಗೆ ಯಾವ ಧೈರ್ಯದ ಮೇಲೆ ನಿದ್ದೆ ಬರುತ್ತೆ ಹೇಳು" ಎಂದು ಬಾಯಿ ಮುಚ್ಚಿಸಿದೆ. ಕೋಪ ಮಾಡಿಕೊಳ್ಳಬೇಡ. ಅವಳಿಗೆ ನಿದ್ದೆಯ ವಿಷಯ ಮಾತ್ರ ಹೇಳಿದ್ದು, ಇನ್ನೊಂದನ್ನು ಹೇಳಿಲ್ಲ.

ಆಫೀಸಿನಲ್ಲಿ ಯಾರಿಗೂ ಒಂದಕ್ಷರ ಹೇಳಬೇಡ. ಬೆಂಜಮಿನ್ ಸಾರ್ ಅಪ್ಪನನ್ನು ಬಲ್ಲವರು, ನಿನಗೆ ಕೆಲಸ ಕಲಿಸಿದವರು, ಎಲ್ಲ ನಿಜ. ಆದರೂ ಬೇಡ. ಇಂಥ ಮಾತು ಒಮ್ಮೆ ಹೊರಗೆ ಬಿದ್ದರೆ ಆಮೇಲೆ ನೀನು ನಕ್ಕರೂ ಅದಕ್ಕೆ ಕಾರಣ ಹುಡುಕುತ್ತಾರೆ.

ಅತ್ತಾನ್ ಮೊಣಕಾಲು ಹಾಗೆಯೇ ಇದೆ. ಅವರ ಬಾಯಿಯೂ ಹಾಗೆಯೇ ಇದೆ.

ಅಕ್ಕ


ಕೂನೂರು
3 ಜುಲೈ 2013

ಅಕ್ಕ,

ಗಸಗಸೆ ಹಾಲು ಕುಡಿದೆ. ಹೊಟ್ಟೆ ತುಂಬಿತು. ಎಣ್ಣೆ ಹಚ್ಚಿಕೊಂಡೆ, ಶೀತವಾಯಿತು. ಎರಡು ವರ್ಷ ನಾನು ಇವನ್ನೆಲ್ಲ ಮಾಡದೆ ಸುಮ್ಮನೆ ಕುಳಿತಿದ್ದೆ ಎಂದುಕೊಂಡೆಯಾ? ಮಾತ್ರೆ ನಿಲ್ಲಿಸಿಲ್ಲ. ಇದನ್ನು ಸಿಟ್ಟಿನಿಂದ ಬರೆದೆನೇನೋ. ಹಾಗೆಯೇ ಇರಲಿ.

ಒಂದು ಸಣ್ಣ ತಪ್ಪಾಗಿದೆ. ಸಣ್ಣದು ಎಂದು ನಾನು ಹೇಳುತ್ತಿದ್ದೇನೆ, ನೀನು ಓದಿ ನೋಡು.

ಬೆಳಗಿನ ಕಹಿಯನ್ನು ಲೆಕ್ಕಕ್ಕೆ ಹಿಡಿಯದೆ ರುಚಿ ಹೇಳುವುದನ್ನು ನಾನು ಒಂದು ಮಟ್ಟಿಗೆ ಕಲಿತಿದ್ದೆ. ಕನ್ನಡಕದ ಮೇಲೆ ಕಲೆ ಇದ್ದರೂ ಓದುತ್ತೇವಲ್ಲ, ಹಾಗೆ. ಆದರೆ ಜೂನ್ ಮೂರನೆಯ ವಾರ ಕೋಟಗಿರಿ ಕಡೆಯ ಒಂದು ಸಣ್ಣ ಫ್ಯಾಕ್ಟರಿಯ ಬಟ್ಟಲು ಬಂದಾಗ ಲೋಹದ ರುಚಿ ಇದೆ ಎಂದುಬಿಟ್ಟೆ. ನೇಸಮಣಿ ಬರೆದುಕೊಂಡ. ನಮ್ಮ ಕಸುಬಿನಲ್ಲಿ ಆ ಮಾತು ಕೇಳಿದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಎಲೆ ಹೊಸೆಯುವ ಯಂತ್ರ ತುಕ್ಕು ಹಿಡಿದಿದೆ ಎಂದೇ ಅದರ ಅರ್ಥ.

ಕಳೆದ ಶುಕ್ರವಾರ ಆ ಫ್ಯಾಕ್ಟರಿಯ ಜೋಗಿ ಗೌಡರ್ ಫ್ಲಾಸ್ಕ್ ಹಿಡಿದು ಆಫೀಸಿಗೇ ಬಂದರು. ಎಪ್ಪತ್ತರ ಹತ್ತಿರದ, ಬಡಗ ಜನಾಂಗದ ಮುದುಕರು. ಮೈಮೇಲೆ ಕೋಟು, ತಲೆಗೆ ಬಿಳಿ ರುಮಾಲು.

"ಅಮ್ಮಾ, ನನ್ ಟೀನಲ್ಲಿ ಕಬ್ಬಿಣ ಎಲ್ಲೈತೆ, ಸ್ವಲ್ಪ ತೋರ್ಸಿ. ಎರಡು ದಿನ ಫ್ಯಾಕ್ಟರಿ ನಿಲ್ಸಿ ಯಂತ್ರ ಪೂರ್ತಿ ಬಿಚ್ಚಿದೀನಿ. ನಟ್ಟು ಬೋಲ್ಟು ಎಲ್ಲಾ ಉಜ್ಜಿ ಉಜ್ಜಿ, ನನ್ ಹೆಂಡ್ತಿ ಅದ್ರಲ್ಲೇ ಮುಖ ನೋಡ್ಕೊಂಡ್ಳು."

"ನೋಡ್ಕೊಂಡು ಏನಂದ್ರು?" ಎಂದ ನೇಸಮಣಿ.

"'ಅಯ್ಯೋ, ಇಷ್ಟು ವಯಸ್ಸಾಯ್ತಾ' ಅಂದ್ಳು."

ಎಲ್ಲರೂ ನಕ್ಕರು. ಗೌಡರು ನಗಲಿಲ್ಲ. ಫ್ಲಾಸ್ಕಿನಿಂದ ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಬೆಳಿಗ್ಗೆ ಹತ್ತು ಗಂಟೆ. ಕುಡಿದೆ. ತಾಮ್ರ.

"ಸರಿ ಇದೆ ಗೌಡರೇ" ಎಂದೆ.

"ಹಾಗಾದ್ರೆ ಅವತ್ತು?"

ಬೆಂಜಮಿನ್ ಸಾರ್ ನಡುವೆ ಬಂದರು. "ಮಾದರಿ ತಂದ ಡಬ್ಬದಲ್ಲಿ ಏನೋ ಇತ್ತೇನೋ ಗೌಡರೇ. ಕಯಲ್ ನಾಲಿಗೆ ತಪ್ಪಲ್ಲ, ಅದನ್ನ ನಾನು ಬರೆದುಕೊಡ್ತೀನಿ."

ಗೌಡರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ಡಬ್ಬನೂ ಒಂದ್ಸಲ ಉಜ್ಜುಸ್ತೀನಿ ಬಿಡಿ" ಎಂದು ಹೋದರು. ನಾನು ಬಾಯಿ ಬಿಡಲಿಲ್ಲ. ನೀನು ಹೇಳಬೇಡ ಎಂದದ್ದಕ್ಕೆ ಸುಮ್ಮನಿದ್ದೆನೋ, ಸಾರ್ ನನ್ನನ್ನು ಹೊಗಳಿದ್ದಕ್ಕೋ, ಇನ್ನೂ ಯೋಚಿಸುತ್ತಿದ್ದೇನೆ. ನಾಲಿಗೆ ಕೆಟ್ಟಿದೆ ಎಂದು ಗೊತ್ತಾದರೆ ರುಚಿ ನೋಡುವ ಮೇಜಿನ ಬಳಿ ನನಗೆ ಜಾಗವಿಲ್ಲ. ನಿದ್ದೆ ಕೆಟ್ಟರೆ ಎಲ್ಲಿಯೂ ಜಾಗವಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ, ಅಷ್ಟೆ.

ಒಂದು ಉಪಾಯ ಕಂಡುಕೊಂಡಿದ್ದೇನೆ. ಇನ್ನು ಇಂಥ ತಪ್ಪಾಗುವುದಿಲ್ಲ.

ಕಯಲ್


ತೂತ್ತುಕುಡಿ
10 ಜುಲೈ 2013

ಕಯಲು,

ಉಪಾಯ ಏನೆಂದು ನೀನು ಬರೆಯದಿದ್ದರೂ ನನಗೆ ಗೊತ್ತಾಯಿತು. ಕೊನೆಗೂ ಮಾತ್ರೆ ಬಿಟ್ಟಿದ್ದೀಯ. ಸಂತೋಷ. ಅಕ್ಕನ ಮಾತು ಕೇಳಿದೆ ಎಂದು ಒಪ್ಪಿಕೊಳ್ಳಲು ನಿನಗೆ ನಾಚಿಕೆ, ನನಗೆ ತಿಳಿಯದೆ?

ಗೌಡರ ಹೆಂಡತಿಯ ಕಥೆಯನ್ನು ಅತ್ತಾನ್‌ಗೆ ಓದಿ ಹೇಳಿದೆ. ಊಟದ ನಡುವೆ ನೆನೆಸಿಕೊಂಡು ಮತ್ತೆ ನಕ್ಕರು. ತಮಾಷೆಯಾಗಿ ಬರೆಯುವಷ್ಟು ಗೆಲುವಾಗಿದ್ದೀಯ, ಅದೇ ಸಾಕು. ಒಂದು ಡಬ್ಬ ಮಕ್ರೂನ್ ಮಿಠಾಯಿ ಕಳಿಸಿದ್ದೇನೆ. ಹಳೆಯ ಬೇಕರಿಯದೇ. ಗಾಳಿಯಾಡದ ಹಾಗೆ ಮುಚ್ಚಿಡು, ನಿಮ್ಮ ಮಂಜಿಗೆ ಮೆತ್ತಗಾಗುತ್ತದೆ.

ಅಕ್ಕ


ಕೂನೂರು
31 ಜುಲೈ 2013

ಅಕ್ಕ,

ಮಕ್ರೂನ್ ಬಂದು ಹದಿನೈದು ದಿನವಾಯಿತು. ಡಬ್ಬ ತೆರೆದಿಲ್ಲ. ತೆರೆಯಲು ಚಾಕು ಬೇಕು, ಚಾಕು ಅಡುಗೆಮನೆಯಲ್ಲಿದೆ, ಅಡುಗೆಮನೆ ದೂರ. ನನ್ನ ಮನೆ ಎಷ್ಟು ದೊಡ್ಡದು ಎಂದು ನೀನು ನೋಡಿದ್ದೀಯ.

ನಾನು ಗೆಲುವಾಗಿಲ್ಲ. ತಮಾಷೆಯಾಗಿ ಬರೆದದ್ದನ್ನು ಓದಿ ತಮಾಷೆಯಾಗಿದ್ದೇನೆ ಎಂದುಕೊಳ್ಳುವುದಾದರೆ ಕಾಗದಕ್ಕಿಂತ ಫೋನೇ ವಾಸಿ.

ಮಾತ್ರೆಯನ್ನು ಪೂರ್ತಿ ಬಿಟ್ಟಿಲ್ಲ. ಭಾನುವಾರ ಮತ್ತು ಸೋಮವಾರ ರಾತ್ರಿ ಮಾತ್ರ ಬಿಡುತ್ತೇನೆ. ಒಂದು ಬಾಯಿ ಕಹಿ ಮಾಡುತ್ತದೆ, ಇನ್ನೊಂದು ಬಾಯಿ ಒಣಗಿಸುತ್ತದೆ, ಹಾಗಾಗಿ ಎರಡನ್ನೂ ಬಿಡುತ್ತೇನೆ. ಇದೇ ನನ್ನ ಉಪಾಯ. ಸೋಮವಾರ ನಾಲಿಗೆ ಶುದ್ಧ. ಮಂಗಳವಾರವೂ ಶುದ್ಧ, ಆದರೆ ಎರಡು ರಾತ್ರಿ ಕಣ್ಣು ಮುಚ್ಚದೆ ಕಳೆದದ್ದರಿಂದ ಹೇಳಬೇಕಾದ ಮಾತು ಬಾಯಿಗೆ ಬರುವುದಿಲ್ಲ. ನೇಸಮಣಿ ಪೆನ್ನು ಹಿಡಿದು ಕಾಯುತ್ತಾನೆ. "ಮೇಡಂ, ಟೀ ಆರೋಯ್ತು" ಎನ್ನುತ್ತಾನೆ. ಬುಧವಾರ ಒದ್ದೆ ಮೂಟೆ ಹೊತ್ತ ಹಾಗೆ. ಶುಕ್ರವಾರದ ಹೊತ್ತಿಗೆ ಔಷಧ ಸ್ವಲ್ಪ ಹಿಡಿಯುತ್ತದೆ. ಅಷ್ಟರಲ್ಲಿ ಮತ್ತೆ ಭಾನುವಾರ.

ಮೊನ್ನೆ ಡಾಕ್ಟರು, "ತಪ್ಪದೆ ತಗೋತಿದೀರಾ?" ಎಂದರು.

"ತಗೋತಿದೀನಿ."

"ಹಾಗಾದ್ರೆ ಇದೂ ಕೆಲಸ ಮಾಡ್ತಿಲ್ಲ" ಎಂದು ಪ್ರಮಾಣ ಹೆಚ್ಚಿಸಿ ಬರೆದರು.

ಮೊದಲ ಮೂರು ಔಷಧದ ವಿಷಯದಲ್ಲಿ ನಾನು ಸತ್ಯವಂತೆ. ಇದರ ವಿಷಯದಲ್ಲಿ ಸುಳ್ಳುಗಾತಿ. ಫೈಲಿನಲ್ಲಿ ನಾಲ್ಕಕ್ಕೂ ಒಂದೇ ಶಾಯಿ. ನನಗೆ ನಿಜವಾಗಿಯೂ ಯಾವುದು ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಇನ್ನು ಯಾರಿಗೂ ತಿಳಿಯುವ ಹಾಗಿಲ್ಲ, ನನಗೂ.

ದಯವಿಟ್ಟು ಈ ಸಲ ಸಂತೋಷ ಎಂದು ಬರೆಯಬೇಡ.

ಕಯಲ್


ತೂತ್ತುಕುಡಿ
6 ಆಗಸ್ಟ್ 2013

ಕಯಲು, ನನ್ನ ಕಣ್ಣೇ,

ಈ ಕಾಗದವನ್ನು ಅತ್ತಾನ್‌ಗೆ ತೋರಿಸದೆ ಅಂಚೆಗೆ ಹಾಕುತ್ತಿದ್ದೇನೆ. ತಾಳ್ಮೆಯಿಂದ ಓದು.

ಅಮ್ಮನಿಗೆ ಇದ್ದದ್ದು ಬಿಪಿ ಅಲ್ಲ. ನೀನು ಹುಟ್ಟಿದ ಮೇಲೆ ಅವಳಿಗೆ ನಿದ್ದೆ ಹೋಯಿತು, ಆಮೇಲೆ ಮಾತು ಹೋಯಿತು. ಊಟಿಯ ಒಬ್ಬ ಡಾಕ್ಟರು ಮಾತ್ರೆ ಕೊಟ್ಟರು. ಆ ಕಾಲದ ಮಾತ್ರೆ, ಮನುಷ್ಯರನ್ನು ಕಂಬಳಿಯ ಹಾಗೆ ಮಡಚಿಡುತ್ತಿತ್ತು. ನೀನು ಕಂಡದ್ದು ಆ ಅಮ್ಮನನ್ನು. ಶಾಲೆಯಿಂದ ಬಂದರೆ ಮಲಗಿರುವ ಅಮ್ಮ, ಕರೆದರೆ ಗೋಡೆಗೆ ತಿರುಗುವ ಅಮ್ಮ. ಮಾತ್ರೆ ಕೊಡುವ ಕೆಲಸ ನನ್ನದು, ನನಗೆ ಹದಿನಾರು. ಯಾರು ಕೇಳಿದರೂ ಬಿಪಿ ಎನ್ನು ಎಂದು ಅಪ್ಪ ಹೇಳಿಕೊಟ್ಟಿದ್ದರು. ನಿನಗೂ ಹಾಗೆಯೇ ಹೇಳಿದೆ. ಹೇಳುತ್ತ ಹೇಳುತ್ತ ನಾನೂ ನಂಬಿದೆನೇನೋ.

ನೀನು ಎರಡನೆಯ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವ. ಇಂಗ್ಲಿಷ್ ನಾಟಕದಲ್ಲಿ ನೀನು ಮರ. ಮಾತಿಲ್ಲ, ಬರಿ ಕೈ ಅಗಲಿಸಿ ನಿಲ್ಲುವುದು. ಅಮ್ಮ ಬರುತ್ತಾಳಾ, ಅಮ್ಮ ಬರುತ್ತಾಳಾ ಎಂದು ನನ್ನ ಪ್ರಾಣ ತಿಂದೆ. ಅವಳು ಎಚ್ಚರವಾಗಿರಲಿ ಎಂದು ನಾಲ್ಕು ದಿನ ಮಾತ್ರೆ ಕೊಡಲಿಲ್ಲ. ಅಪ್ಪ ಕೇಳಿದಾಗ ಕೊಟ್ಟೆ ಎಂದೆ.

ಅವಳು ಬಂದಳು. ನೀಲಿ ಸೀರೆ, ಹೂವು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. "ಇಡೀ ಬಾಲ್ಯದಲ್ಲಿ ಅಮ್ಮ ನನ್ನನ್ನು ನೋಡಿದ್ದು ಅದೊಂದೇ ದಿನ" ಎಂದು ನೀನು ಹೇಳುವ ದಿನ ಅದು.

ಮಾರನೆಯ ಬೆಳಿಗ್ಗೆ ಅವಳು ಮನೆಯಲ್ಲಿರಲಿಲ್ಲ. ಸಂಜೆ ರೈಲು ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಳು. ಯಾವ ರೈಲೂ ಹತ್ತಿರಲಿಲ್ಲ. ಹೆಸರು ಕೇಳಿದರೆ ಹೇಳಲು ಒಪ್ಪಲಿಲ್ಲ. ಒಂದು ತಿಂಗಳು ಆಸ್ಪತ್ರೆಯಲ್ಲಿಟ್ಟುಕೊಂಡರು. ಪಳನಿಗೆ ಹೋಗಿದ್ದಾಳೆ ಎಂದು ನಿನಗೆ ಹೇಳಿದೆವು. ವಿಭೂತಿ ತಂದಿಲ್ಲವೇಕೆ ಎಂದು ನೀನು ಕೇಳಿದ್ದೆ.

ಅಂದಿನಿಂದ ನನಗೆ ಮಾತ್ರೆ ಎಂದರೆ ಭಯ. ನಿನಗೆ ಬಿಡು, ಬಿಡು ಎಂದು ಬರೆದೆ. ನಿನ್ನ ಕಾಗದ ಓದಿದ ಮೇಲೆ ಮೂರು ದಿನ ಯೋಚಿಸಿದೆ. ಕೆಟ್ಟದ್ದು ನಡೆದದ್ದು ಮಾತ್ರೆ ಕೊಟ್ಟ ದಿನಗಳಲ್ಲಿ ಅಲ್ಲ, ನಾನು ಕೊಡದ ನಾಲ್ಕು ದಿನಗಳಲ್ಲಿ. ಅಷ್ಟು ಸರಳವಾದದ್ದನ್ನು ತಿರುಗಿಸಿ ಇಟ್ಟುಕೊಂಡು ಇಷ್ಟು ವರ್ಷ ಬದುಕಿದ್ದೇನೆ.

ತಗೋ. ಭಾನುವಾರವೂ ತಗೋ. ಡಾಕ್ಟರಿಗೆ ನಿಜ ಹೇಳು. ಕೆಲಸ ಹೋದರೆ ಇಲ್ಲಿಗೆ ಬಾ.

ಅಕ್ಕ


ಕೂನೂರು
18 ಆಗಸ್ಟ್ 2013, ಭಾನುವಾರ

ಅಕ್ಕ,

ನಿನಗೆ ಮೂರು ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ನಿನ್ನನ್ನು ಬಯ್ದಿದ್ದೆ. ಅಮ್ಮನಿಗೆ ಬೇಡವಾದ ಮಗಳು ಎಂದುಕೊಂಡು ನಾನು ಬೆಳೆದೆ, ನೀನು ಪಕ್ಕದಲ್ಲೇ ನನಗೆ ಜಡೆ ಹೆಣೆಯುತ್ತ ಬಿಪಿ ಎನ್ನುತ್ತಿದ್ದೆ. ಎರಡನೆಯದರಲ್ಲಿ ಕ್ಷಮಿಸಿದ್ದೆ. ಓದಿದರೆ ಸುಳ್ಳೆನಿಸಿತು. ಮೂರನೆಯದು ನೆನಪಿಲ್ಲ. ಈ ಮಾತು ನಿನ್ನ ಎದುರು ಕುಳಿತು ಆಡಬೇಕಾದದ್ದು. ಸದ್ಯಕ್ಕೆ ನಡೆದದ್ದನ್ನು ಬರೆಯುತ್ತೇನೆ.

ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. "ಅವತ್ತು ನಿಮ್ಮ ಕೆಲಸದ ಬಗ್ಗೆ ನಾನೂ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ" ಎಂದರು. ಪ್ರಮಾಣವನ್ನು ಮೊದಲಿನಷ್ಟಕ್ಕೆ ಇಳಿಸಿದ್ದಾರೆ. ನಿದ್ದೆ ತಂದದ್ದು ಇದೊಂದೇ, ಆರು ತಿಂಗಳು ಒಂದು ದಿನವೂ ಬಿಡದೆ ನೋಡೋಣ, ಆಮೇಲೆ ಬದಲಾಯಿಸಬಹುದೇನೋ ಎಂದರು. ಆ "ಏನೋ" ಎಂಬುದನ್ನು ನಾನು ಚೆನ್ನಾಗಿ ಕೇಳಿಸಿಕೊಂಡೆ.

ಕಳೆದ ಸೋಮವಾರ ಎಂಟಕ್ಕೆ ಮೊದಲು ಬೆಂಜಮಿನ್ ಸಾರ್ ಕೋಣೆಗೆ ಹೋದೆ.

"ಸಾರ್, ಜೋಗಿ ಗೌಡರ ಡಬ್ಬದಲ್ಲಿ ಏನೂ ಇರಲಿಲ್ಲ. ನನ್ನ ಬಾಯಲ್ಲಿತ್ತು. ಮಾತ್ರೆ ತಗೋತಿದೀನಿ."

"ಎಷ್ಟು ದಿನದಿಂದ?"

"ಮೇ ತಿಂಗಳಿಂದ."

ಅವರು ಪೆನ್ನು ಕೆಳಗಿಟ್ಟರು. "ಶೀತ ಆದ ದಿನ ನಾನು ಮೇಜಿಗೆ ಬಂದಿದ್ದು ನೋಡಿದೀಯಾ?"

"ಇಲ್ಲ ಸಾರ್."

"ಹಲ್ಲು ಕೀಳಿಸಿಕೊಂಡಾಗ?"

"ಇಲ್ಲ ಸಾರ್."

"ಬಾಯಿ ಸರಿ ಇಲ್ಲ ಅಂತ ಒಂದು ಮಾತು ಹೇಳಿದ್ರೆ ನಮ್ಮಲ್ಲಿ ಯಾರೂ ಯಾಕೆ ಅಂತ ಕೇಳಲ್ಲ. ನಿನಗೆ ಮೊದಲ ದಿನ ಕಲಿಸಿದ್ದು ಇದನ್ನೇ. ಯಾಕೆ ಹೇಳಲಿಲ್ಲ?"

"ಶೀತ ವಾರಕ್ಕೆ ಹೋಗುತ್ತೆ ಸಾರ್."

ಅವರು ಕಿಟಕಿಯ ಕಡೆ ನೋಡಿದರು. ಯಾವ ಕಾಯಿಲೆ ಎಂದು ಕೇಳಲಿಲ್ಲ. ಅದು ಮರ್ಯಾದೆಯೋ ಹೆದರಿಕೆಯೋ ನನಗೆ ಗೊತ್ತಾಗಲಿಲ್ಲ. "ಮೇಜಿನಿಂದ ತೆಗೀಬೇಕಾಗುತ್ತೆ ಕಯಲ್" ಎಂದರು. ಈಗ ನಾನು ಹಿಂದಿನ ಕೋಣೆಯಲ್ಲಿ ಮಾದರಿ ಪೊಟ್ಟಣಗಳಿಗೆ ನಂಬರು ಹಚ್ಚುತ್ತೇನೆ. ಗೋಡೆಯಾಚೆ ಚಮಚ ಹೀರುವ ಸದ್ದು ಕೇಳುತ್ತಿರುತ್ತದೆ. ನನ್ನ ಜಾಗದಲ್ಲಿ ನಿಂತ ಹುಡುಗ ಎರಡು ಸಲ ಹೀರುತ್ತಾನೆ. ಒಂದೇ ಸಲ ಸಾಕು. ಎದ್ದು ಹೋಗಿ ಹೇಳಬೇಕೆನಿಸುತ್ತದೆ, ಹೋಗುವುದಿಲ್ಲ.

ನಿನ್ನೆ ಬಸ್ಸಿನಲ್ಲಿ ಗೌಡರ ಫ್ಯಾಕ್ಟರಿಗೆ ಹೋದೆ. ಹೇಳಿ ಮುಗಿಸುವ ಮೊದಲೇ ಅವರು ಕೂಗಾಡಿದರು.

"ಎರಡು ದಿನ ಅಮ್ಮಾ! ಎಲೆ ಹೊತ್ಕೊಂಡ್ ಬಂದ ಹೆಂಗಸ್ರನ್ನ ವಾಪಸ್ ಕಳ್ಸಿದೀನಿ. ಅವ್ರು ನಮ್ ಅಜ್ಜಿ ತನಕ ಬೈದ್ರು. ಇವತ್ತಿಗೂ ಹರಾಜಲ್ಲಿ ನನ್ ಹೆಸರು ಕರೆದ್ರೆ ಹಿಂದೆ ಕೂತೋರು 'ತುಕ್ಕು ಗೌಡ್ರು ಬಂದ್ರು' ಅಂತಾರೆ!"

ಇದು ನನಗೆ ಗೊತ್ತಿರಲಿಲ್ಲ. ನಾನು ನಿಂತೇ ಇದ್ದೆ. ಕೂಗಿ ಸಾಕಾದ ಮೇಲೆ, "ಯಾವುದಕ್ಕೆ ಮಾತ್ರೆ?" ಎಂದರು.

"ನಿದ್ದೆಗೆ. ಮನಸ್ಸಿಗೆ."

ಯಂತ್ರದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. "ನಂದನ್ನ ಎರಡು ದಿನದಲ್ಲಿ ಬಿಚ್ಚಿ ಜೋಡಿಸ್ದೆ. ನಿಮ್ದನ್ನ ಬಿಚ್ಚಿ ನೋಡೋಕೂ ಆಗಲ್ವಲ್ಲಮ್ಮಾ."

ನನಗೆ ನಗು ಬಂತು, ನಿಲ್ಲಿಸಲಾಗಲಿಲ್ಲ. ಅವರು ಹೆದರಿ ಕುರ್ಚಿ ತಂದು ಕೂರಿಸಿದರು. ಆದರೆ ಬಿಡಲಿಲ್ಲ. "ಬಾಯಿಮಾತು ನನಗೆ ಸಾಲದು, ಬರೆದು ಕೊಡಿ" ಎಂದರು. ಕೊಟ್ಟೆ. ಚಹಾ ಶುದ್ಧವಾಗಿತ್ತು, ರುಚಿ ನೋಡಿದವಳು ಔಷಧ ತೆಗೆದುಕೊಳ್ಳುತ್ತಿದ್ದಳು, ತಪ್ಪು ಅವಳದು ಎಂದು. ಔಷಧ ಯಾವುದಕ್ಕೆ ಎಂದು ಬರೆಯಬೇಕಾಗಿರಲಿಲ್ಲ. ಅದನ್ನೂ ಬರೆದೆ. ಇಲ್ಲದಿದ್ದರೆ ಓದಿದವರೇ ಏನೇನೋ ಊಹಿಸುತ್ತಾರೆ. ಗುರುವಾರ ಗೌಡರು ಅದನ್ನು ಹರಾಜಿನ ಕೋಣೆಯ ಬೋರ್ಡಿಗೆ ಅಂಟಿಸುತ್ತಾರಂತೆ. ಕೂನೂರಿನಲ್ಲಿ ಓದಲು ಬರುವವರೆಲ್ಲ ಓದುತ್ತಾರೆ. ಷಣ್ಮುಗತ್ತಾಯಿಗೂ ನೀನೇ ಹೇಳಿಬಿಡು.

ಎರಡೂ ಮಾತ್ರೆ ನುಂಗಿ ಈ ಸಾಲು ಬರೆಯುತ್ತಿದ್ದೇನೆ. ಇನ್ನು ಹೆಚ್ಚು ಹೊತ್ತಿಲ್ಲ, ಅಕ್ಷರ ಆಗಲೇ ಇಳಿಜಾರು ಹಿಡಿದಿದೆ. ಸರಿಯಾದದ್ದನ್ನು ಮಾಡಿದೆ ಎಂದು ದಯವಿಟ್ಟು ನನಗೆ ಬರೆಯಬೇಡ. ನನಗೆ ನಿದ್ದೆ ಬೇಕಿತ್ತು. ನಾಲಿಗೆಯೂ ಬೇಕಿತ್ತು.

ಕಯಲ್